ಓದಿದವರ ಪತ್ರ, ಆಡಿದವರ ಪತ್ರ

ಪ್ರಶ್ನೆ: ನಾವು ನಾಲ್ವರು ಸೇರಿ ಮೂರು ತಿಂಗಳಿಗೊಮ್ಮೆ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತ ಆಡುವ ಕಥೆಯಾಟಗಳ) ಪತ್ರಿಕೆ ತರುತ್ತಿದ್ದೇವೆ. 64 ಪುಟ, ಮಧ್ಯಕ್ಕೆ ಪಿನ್. ನಿಯಮಗಳು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯವು, 2014ರವು. ಒಂಬತ್ತನೇ ಸಂಚಿಕೆ ಬಂದು ಆರು ವಾರವಾಗಿದೆ, 40 ಪತ್ರ ಬಂದಿವೆ. ಮೂರನೇ ಲೆವೆಲ್‌ನ (ಪಾತ್ರದ ಬಲದ ಮೆಟ್ಟಿಲು) ಪಾತ್ರಗಳಿಗೆಂದು ಕೊಟ್ಟ ಸಾಹಸ, ಅಂದರೆ ಆಡಲೆಂದು ಬರೆದ ಕಥೆ, ಕೆಲವರಿಗೆ ‘ಎಲ್ಲರೂ ಸತ್ತೆವು’, ಇನ್ನು ಕೆಲವರಿಗೆ ‘ತೀರಾ ಸಪ್ಪೆ’. ನಾವು ಕೊಟ್ಟ ಹೊಸ ಕ್ಲಾಸ್‌ನ (ಪಾತ್ರದ ವರ್ಗ) ಪಾತ್ರ ಹೊಡೆದ ಪ್ರತಿ ಪೆಟ್ಟಿಗೂ 2ಡಿ6 (ಆರು ಮುಖದ ಎರಡು ದಾಳ ಹಾಕಿ ಬಂದಷ್ಟು) ಹೆಚ್ಚುವರಿ ಹಾನಿ ಸೇರುತ್ತದೆ, ಅದು ಅತಿಯಾಯಿತು ಎಂದು ಐವರು ಬರೆದಿದ್ದಾರೆ. 40–41ನೇ ಪುಟದ ನಕ್ಷೆ ಓದಲಾಗುತ್ತಿಲ್ಲವಂತೆ. ಸಣ್ಣಕಥೆಗೆ ನಾಲ್ಕು ಪುಟ ದಂಡ ಎನ್ನುವವರೂ ಇದ್ದಾರೆ, ಅದೊಂದೇ ಚೆನ್ನಾಗಿದೆ ಎನ್ನುವವರೂ ಇದ್ದಾರೆ. ಯಾರ ಮಾತು ಕೇಳುವುದು, ಏನನ್ನು ಬದಲಿಸುವುದು?

ಉತ್ತರ: ಹೊಗಳಿದವು ಒಂದು ಕಟ್ಟು, ಬೈದವು ಒಂದು ಕಟ್ಟು ಎಂದು ಇಟ್ಟಿದ್ದರೆ ಮೊದಲು ಎರಡನ್ನೂ ಬಿಚ್ಚಿ ಕಲಸಿಬಿಡಿ. ರೋಲ್‌ಪ್ಲೇಯಿಂಗ್ ಪತ್ರಿಕೆಗೆ ಬಂದ ಪತ್ರವನ್ನು ವಿಂಗಡಿಸಬೇಕಾದ ಬಗೆ ಬೇರೆ. ಬರೆದವರು ಸಂಚಿಕೆಯನ್ನು ಬರೀ ಓದಿದ್ದಾರೋ, ಆಡಿಸಲು ತಯಾರಿ ಮಾಡಿಕೊಂಡಿದ್ದಾರೋ, ಅಥವಾ ಮೇಜಿನ ಸುತ್ತ ಕೂತು ಆಡಿಯೇ ಮುಗಿಸಿದ್ದಾರೋ? ಮೂವರೂ ಒಂದೇ ಸಾಹಸದ ಹೆಸರು ಹೇಳಿದರೂ ಮಾತಾಡುತ್ತಿರುವುದು ಬೇರೆ ಬೇರೆ ವಸ್ತುವಿನ ಬಗ್ಗೆ. ಓದಿದವರ ಕಣ್ಣು ಬರವಣಿಗೆಯ ಮೇಲಿರುತ್ತದೆ. ತಯಾರಿ ಮಾಡಿಕೊಂಡ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವರು, ನಕ್ಷೆಗೂ ವಿವರಣೆಗೂ ನಡುವೆ ಪುಟ ತಿರುವಿ ತಿರುವಿ ಸೋತಿರುತ್ತಾರೆ. ಆಡಿದವರಿಗೆ ನಿಮ್ಮ ವರ್ಣನೆ ಒಂದು ಸಾಲೂ ನೆನಪಿರುವುದಿಲ್ಲ, ಏಳನೇ ಕೋಣೆಯಲ್ಲಿ ಆಟ ನಿಂತುಹೋದದ್ದು ಮಾತ್ರ ಚೆನ್ನಾಗಿ ನೆನಪಿರುತ್ತದೆ.

ಪತ್ರ ಬಂದ ತಾರೀಕು ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಮೊದಲ ವಾರದ ಪತ್ರಗಳು ಮುಖಪುಟ, ಅಕ್ಷರದ ಗಾತ್ರ, ಚಿತ್ರ, ಕಥೆಯ ಬಗ್ಗೆ ಇರುತ್ತವೆ. ಎರಡರಿಂದ ಆರು ವಾರದೊಳಗೆ ಬರುವುದು ತಯಾರಿಯ ಪತ್ರಗಳು: ‘9ನೇ ಕೋಣೆ ನಕ್ಷೆಯಲ್ಲಿ ಎರಡು ಸಲ ಇದೆ’, ‘ಪೂಜಾರಿಯ ಅಂಕಿಅಂಶ ಯಾವ ಪುಟದಲ್ಲಿದೆ?’ ಆಟದ ನಿಜವಾದ ವರದಿಗಳು ಬರಲು ಮೂರು ತಿಂಗಳು ಬೇಕು, ಕೆಲವಕ್ಕೆ ಒಂದು ವರ್ಷವೂ ಹಿಡಿಯುತ್ತದೆ. ಏಕೆಂದರೆ ಪ್ರತಿ ಗುಂಪೂ ಆಗಲೇ ಯಾವುದೋ ದೀರ್ಘ ಆಟದ ನಡುವೆ ಇರುತ್ತದೆ, ಅದರ ಪಾತ್ರಗಳು ನಿಮ್ಮ ಸಾಹಸದ ಲೆವೆಲ್‌ಗೆ ಬಂದಾಗಲೇ ಸಂಚಿಕೆ ಕಪಾಟಿನಿಂದ ಕೆಳಗಿಳಿಯುವುದು. ಆರು ವಾರಕ್ಕೆ ನಿಮ್ಮ ಕೈಲಿರುವ 40 ಪತ್ರಗಳಲ್ಲಿ ಆಡಿ ಬರೆದವು ಕಡಿಮೆಯೇ ಇರಬೇಕು. ಪ್ರತಿ ಪತ್ರದ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ‘ಓ’, ‘ತ’, ‘ಆ’ ಎಂದು ಗುರುತು ಹಾಕಿ. ಯಾವುದೆಂದು ತಿಳಿಯದಿದ್ದರೆ ಬರೆದವರನ್ನೇ ಕೇಳಿ: ಎಷ್ಟು ಜನ ಆಡಿದಿರಿ, ಯಾವ ಲೆವೆಲ್, ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಿದಿರಿ? ‘ಇಷ್ಟವಾಯಿತೇ’ ಎಂದು ಕೇಳಿದರೆ ಬರುವ ಉತ್ತರದಿಂದ ಏನನ್ನೂ ತಿದ್ದಲಾಗದು.

ಈಗ ‘ಸತ್ತೆವು’ ಮತ್ತು ‘ಸಪ್ಪೆ’ ಜಗಳಕ್ಕೆ ಬರೋಣ. ಎರಡೂ ಕಡೆಯವರು ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಹೆಚ್ಚು. ಒಂದು ಕೋಣೆಯಲ್ಲಿ ಐದು ರಾಕ್ಷಸರಿದ್ದಾರೆ, ಒಬ್ಬೊಬ್ಬರ ಚಾಲೆಂಜ್ ರೇಟಿಂಗ್ (ಎದುರಾಳಿಯ ಬಲದ ಅಳತೆ) ಅರ್ಧ, ಅಂದರೆ ತಲೆಗೆ 100 ಎಕ್ಸ್‌ಪಿ (ಅನುಭವದ ಅಂಕ) ಎಂದುಕೊಳ್ಳಿ. ಒಟ್ಟು 500. 2014ರ ನಿಯಮದಲ್ಲಿ ಎದುರಾಳಿಗಳು ಮೂರರಿಂದ ಆರು ಇದ್ದರೆ ಅದನ್ನು 2ರಿಂದ ಗುಣಿಸಬೇಕು, 1000 ಆಯಿತು. ಮೂರನೇ ಲೆವೆಲ್‌ನ ಒಂದು ಪಾತ್ರಕ್ಕೆ ಸುಲಭದ ಮಿತಿ 75, ಮಧ್ಯಮ 150, ಕಠಿಣ 225, ಮಾರಕ 400. ನಾಲ್ವರಿರುವ ಗುಂಪಿಗೆ ಕಠಿಣದ ಗೆರೆ 900, ಹಾಗಾಗಿ ಈ ಕಾಳಗ ಅವರಿಗೆ ಕಠಿಣ. ಅದೇ ಕೋಣೆಗೆ ಆರು ಜನ ನುಗ್ಗಲಿ. ಗುಂಪಿನಲ್ಲಿ ಆರು ಅಥವಾ ಹೆಚ್ಚು ಜನರಿದ್ದರೆ ಗುಣಕ ಒಂದು ಮೆಟ್ಟಿಲು ಇಳಿಯುತ್ತದೆ, 2ರ ಬದಲು 1.5. ಲೆಕ್ಕ 750ಕ್ಕೆ ಬಂತು. ಆರು ಜನಕ್ಕೆ ಮಧ್ಯಮದ ಗೆರೆಯೇ 900. ಅಲ್ಲಿಗೆ ಇದು ‘ಸುಲಭ’ ಎಂಬ ಗುಂಪಿಗೆ ಬಿತ್ತು. ಒಂದೇ ಕೋಣೆ, ಅದೇ ಐದು ರಾಕ್ಷಸರು, ಆದರೆ ಎರಡು ಮೇಜುಗಳ ನಡುವೆ ಎರಡು ಮೆಟ್ಟಿಲಿನ ಅಂತರ.

ಇದಕ್ಕೆ ರಾಕ್ಷಸರ ಬಲ ಹೆಚ್ಚಿಸುವುದಾಗಲೀ ಇಳಿಸುವುದಾಗಲೀ ಮದ್ದಲ್ಲ. ಹಾಗೆ ಮಾಡಿದರೆ ಒಂದು ಕಡೆಯ ದೂರು ನಿಂತು ಇನ್ನೊಂದು ಕಡೆಯದು ಎರಡರಷ್ಟಾಗುತ್ತದೆ. ಕೋಣೆಯ ವಿವರಣೆಯ ಕೆಳಗೆ ಒಂದೇ ಸಾಲು ಸೇರಿಸಿ: ‘ನಾಲ್ವರಿದ್ದರೆ 5, ಐವರಿದ್ದರೆ 6, ಆರು ಜನರಿದ್ದರೆ 7.’ ಲೆಕ್ಕ ಹಾಕಿ ನೋಡಿ: ಐದು ಪಾತ್ರಕ್ಕೆ ಆರು ರಾಕ್ಷಸರೆಂದರೆ 600ರ ಎರಡರಷ್ಟು, 1200, ಅವರ ಕಠಿಣದ ಗೆರೆ 1125. ಆರು ಪಾತ್ರಕ್ಕೆ ಏಳು ರಾಕ್ಷಸರೆಂದರೆ 700. ಏಳಕ್ಕೆ ಗುಣಕ 2.5, ಒಂದು ಮೆಟ್ಟಿಲು ಇಳಿದು 2, ಒಟ್ಟು 1400. ಅವರ ಗೆರೆ 1350. ಮೂರು ಗುಂಪಿಗೂ ಕಾಳಗ ಕಠಿಣದ ಗೆರೆಯನ್ನು ಸ್ವಲ್ಪವೇ ದಾಟುತ್ತದೆ. ಪ್ರತಿ ಕಾಳಗದ ಕೋಣೆಗೂ ಹೀಗೊಂದು ಸಾಲು ಬರೆಯಲು ಲೇಖಕರಿಗೆ ಒಂದು ಸಂಜೆ ಸಾಕು.

ಜನಸಂಖ್ಯೆ ಸರಿಯಿದ್ದೂ ‘ಸಪ್ಪೆ’ ಎಂದವರಿದ್ದರೆ ವಿಶ್ರಾಂತಿಯ ಬಗ್ಗೆ ಕೇಳಿ. ಈ ನಿಯಮಗಳು ಒಂದು ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗ, ನಡುವೆ ಎರಡು ಚಿಕ್ಕ ವಿಶ್ರಾಂತಿ ಎಂಬ ಅಂದಾಜಿನ ಮೇಲೆ ನಿಂತಿವೆ. ಒಂದು ಕಾಳಗ ಮುಗಿಸಿ, ಬಾಗಿಲಿಗೆ ಅಗಣಿ ಹಾಕಿ ಎಂಟು ಗಂಟೆ ಮಲಗಿ ಏಳುವ ಗುಂಪಿಗೆ ಮಂತ್ರಗಳೆಲ್ಲ ಮತ್ತೆ ತುಂಬಿಬಿಡುತ್ತವೆ. ಅಂಥವರಿಗೆ ಯಾವ ಕೋಣೆಯೂ ಕಷ್ಟವಾಗದು. ಸಾಹಸದ ಬರಹದಲ್ಲಿ ‘ಇವರು ಮಲಗಿದರೆ ಒಳಗಿನವರು ಏನು ಮಾಡುತ್ತಾರೆ’ ಎಂಬುದಿಲ್ಲದಿದ್ದರೆ ತಪ್ಪು ಗುಂಪಿನದಲ್ಲ, ಬರಹದ್ದು.

ಆಟ ನಿಂತುಹೋಯಿತು ಎಂಬ ಪತ್ರಗಳಿಗೂ ಇಂಥದೇ ಒಂದು ಒಳಗುಟ್ಟು ಇರುತ್ತದೆ. ಮುಂದೆ ಹೋಗಲು ಗುಪ್ತ ಬಾಗಿಲೊಂದೇ ದಾರಿ, ಅದನ್ನು ಕಾಣಲು ಇಪ್ಪತ್ತು ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಪಾತ್ರದ ಕೌಶಲ ಸೇರಿಸಿ 15 ಬೇಕು ಎಂದಿಟ್ಟಿದ್ದೀರಿ ಎನ್ನಿ. ಹುಡುಕುವವರಿಗೆ +3 ಇದ್ದರೆ ದಾಳ 12 ಅಥವಾ ಹೆಚ್ಚು ಬೀಳಬೇಕು, ಸಾಧ್ಯತೆ 45 ಪ್ರತಿಶತ. ‘ಒಬ್ಬರು ಹುಡುಕಿ’ ಎನ್ನುವ ಗೇಮ್ ಮಾಸ್ಟರ್ ಮೇಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಲ ಬಾಗಿಲು ಸಿಗುವುದೇ ಇಲ್ಲ. ‘ಎಲ್ಲರೂ ದಾಳ ಹಾಕಿ’ ಎನ್ನುವವರ ಮೇಜಿನಲ್ಲಿ, ನಾಲ್ವರಿಗೂ +3 ಇದ್ದರೆ, ಸುಮಾರು 91 ಪ್ರತಿಶತ ಸಿಗುತ್ತದೆ. ಮೊದಲಿನವರು ‘ದಾರಿಯೇ ಇಲ್ಲ’ ಎಂದು ಬರೆದರೆ ಎರಡನೆಯವರು ‘ರಹಸ್ಯವೆಂಬುದೇ ಇರಲಿಲ್ಲ’ ಎಂದು ಬರೆಯುತ್ತಾರೆ. ಮುಂದಿನ ದಾರಿಯನ್ನು ಒಂದು ದಾಳದ ಮೇಲೆ ನೇತುಹಾಕಲೇಬಾರದು. ಬಾಗಿಲು ಹೇಗೂ ಸಿಗಲಿ. ದಾಳ ಬಿದ್ದರೆ ಸದ್ದಿಲ್ಲದೆ, ಬೀಳದಿದ್ದರೆ ಒಳಗಿನವರು ಎಚ್ಚರಾಗುವಷ್ಟು ಸದ್ದಾಗಿ ತೆರೆಯಲಿ.

ಓದುಗರ ಪತ್ರದ ಒಂದು ಗುಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಎಲ್ಲಿ ಎಡವಿದೆವು ಎಂದು ಅವರು ಹೇಳುವುದು ಬಹುತೇಕ ಯಾವಾಗಲೂ ಸರಿ. ಯಾಕೆ ಎಡವಿದೆವು, ಏನು ಮಾಡಬೇಕು ಎಂದು ಹೇಳುವುದು ಎಷ್ಟೋ ಸಲ ತಪ್ಪು. ‘ಬಾಗಿಲಿಗೆ 15ರ ಬದಲು 12 ಇಡಿ’ ಎಂದು ಸಲಹೆ ಬಂದರೆ 12 ಎಂಬ ಅಂಕಿಯನ್ನು ಮರೆತು ಬಾಗಿಲನ್ನು ನೋಡಿ.

ಹೊಸ ಕ್ಲಾಸ್ ಬಗ್ಗೆ ಬರೆದ ಐವರು ಆಡಿ ನೋಡಿರಬೇಕೆಂದೇನೂ ಇಲ್ಲ. ಇದನ್ನು ಕಾಗದದ ಮೇಲೆಯೇ ಪರೀಕ್ಷಿಸಬಹುದು. ಐದನೇ ಲೆವೆಲ್ ಫೈಟರ್ (ಯೋಧರ ಕ್ಲಾಸ್) ಸರದಿಗೆ ಎರಡು ಸಲ ಹೊಡೆಯುತ್ತಾರೆ. ಉದ್ದ ಕತ್ತಿಯ 1ಡಿ8, ಬಲದ +4 ಸೇರಿ ಪೆಟ್ಟಿಗೆ ಸರಾಸರಿ 8.5. ನೂರಕ್ಕೆ 65 ಪೆಟ್ಟು ತಗಲುತ್ತವೆ ಎಂದಿಟ್ಟುಕೊಂಡು, ಕ್ರಿಟಿಕಲ್ ಪೆಟ್ಟನ್ನು (ದಾಳ ತುಂಬ ಚೆನ್ನಾಗಿ ಬಿದ್ದಾಗಿನ ಹೆಚ್ಚು ಹಾನಿಯ ಪೆಟ್ಟು) ಬಿಟ್ಟು ಲೆಕ್ಕ ಹಾಕಿದರೆ ಸರದಿಗೆ 11 ಹಾನಿ. ಅದೇ ಲೆವೆಲ್‌ನ ರೋಗ್ (ಕಳ್ಳರ ಕ್ಲಾಸ್) ಒಂದೇ ಪೆಟ್ಟು ಹೊಡೆದು ಸ್ನೀಕ್ ಅಟ್ಯಾಕಿನ (ಹೊಂಚುದಾಳಿ) 3ಡಿ6 ಸೇರಿಸಿಕೊಂಡರೆ 12.4 ಸುತ್ತ. ನಿಮ್ಮ ಕ್ಲಾಸ್‌ಗೂ ಎರಡು ಪೆಟ್ಟು ಇದೆಯಾದರೆ, ಪ್ರತಿ ಪೆಟ್ಟಿಗೆ 2ಡಿ6ರ ಸರಾಸರಿ 7 ಸೇರಿ 15.5 ಆಗಿ, ಸರದಿಗೆ 20 ದಾಟುತ್ತದೆ. ಪಕ್ಕದಲ್ಲಿ ಕೂತ ಫೈಟರ್‌ನ ಎರಡರಷ್ಟಕ್ಕೆ ಹತ್ತಿರ. ಐವರೂ ಹೇಳಿದ್ದು ಸರಿ.

ತಪ್ಪಿರುವುದು ‘ಪ್ರತಿ ಪೆಟ್ಟಿಗೂ’ ಎಂಬ ಎರಡು ಪದದಲ್ಲಿ. ‘ಸರದಿಗೊಮ್ಮೆ’ ಎಂದು ಬದಲಿಸಿದರೆ, ಎರಡರಲ್ಲಿ ಒಂದಾದರೂ ಪೆಟ್ಟು ತಗಲುವ ಸಾಧ್ಯತೆ ಸುಮಾರು 88 ಪ್ರತಿಶತವಾದ್ದರಿಂದ ಹೆಚ್ಚುವರಿ 6.1 ಮಾತ್ರ, ಒಟ್ಟು 17.2. ಇನ್ನೂ ಜಾಸ್ತಿಯೇ. ಸರದಿಗೊಮ್ಮೆ 1ಡಿ6 ಎಂದರೆ 14.1ಕ್ಕೆ ಬಂದು ನಿಲ್ಲುತ್ತದೆ. ಆ ಕ್ಲಾಸ್‌ನ ಹಿಟ್ ಪಾಯಿಂಟ್ (ಪಾತ್ರ ತಡೆದುಕೊಳ್ಳಬಲ್ಲ ಹಾನಿ) ಅಥವಾ ಕವಚ ಫೈಟರ್‌ಗಿಂತ ಕಡಿಮೆಯಿದ್ದರೆ ಅಷ್ಟು ಕೊಡಬಹುದು, ಇಲ್ಲದಿದ್ದರೆ ಚಿಕ್ಕ ವಿಶ್ರಾಂತಿಗೆ ಮೂರು ಸಲ ಎಂಬ ಮಿತಿ ಹಾಕಿ. ಬೇರೆ ಕ್ಲಾಸ್‌ನ ಲೆವೆಲ್‌ಗಳ ಜೊತೆ ಬೆರೆಸಿದಾಗ ಏನಾಗುತ್ತದೆಂದೂ ನೋಡಿ. ಹೆಚ್ಚು ಪೆಟ್ಟು ಹೊಡೆಯುವ ಯಾವ ಪಾತ್ರಕ್ಕೆ ‘ಪ್ರತಿ ಪೆಟ್ಟಿಗೂ’ ಸಿಕ್ಕರೂ ಲೆಕ್ಕ ಕೈಮೀರುತ್ತದೆ.

ಅಂಕಿಅಂಶದ ತಪ್ಪು ತೋರಿಸಿದ ಪತ್ರವನ್ನು ಎಣಿಸಬೇಡಿ, ಒಂದು ಬಂದರೂ ಸಾಕು. 5ಡಿ8+10 ಎಂದು ಅಚ್ಚಾಗಿ ಪಕ್ಕದಲ್ಲಿ ಹಿಟ್ ಪಾಯಿಂಟ್ 37 ಎಂದಿದ್ದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ: ಎಂಟು ಮುಖದ ದಾಳದ ಸರಾಸರಿ 4.5, ಐದಕ್ಕೆ 22.5, ಕೆಳಕ್ಕೆ ಇಳಿಸಿ 22, ಹತ್ತು ಸೇರಿ 32. ಆ ಹತ್ತು ಬಂದದ್ದು ಕಾನ್‌ಸ್ಟಿಟ್ಯೂಶನ್ (ದೇಹದಾರ್ಢ್ಯದ ಗುಣಾಂಕ) 14ರ +2ನ್ನು ಐದು ದಾಳಕ್ಕೆ ಸೇರಿಸಿ, ಹಾಗಾಗಿ ಅಲ್ಲಿ 14 ಇದೆಯೇ ಎಂದೂ ನೋಡಿ. ವಿಸ್‌ಡಮ್ (ವಿವೇಕದ ಗುಣಾಂಕ) 16, ಅಂದರೆ +3 ಇರುವ, ಪ್ರಾವೀಣ್ಯ +2 ಇರುವ ಮಂತ್ರಗಾರನ ಮಂತ್ರ ತಪ್ಪಿಸಿಕೊಳ್ಳಲು ಬೇಕಾದ ಅಂಕಿ 8+2+3, ಅಂದರೆ 13. ಇಂಥ ತಪ್ಪು ನುಸುಳುವುದು ಹೆಚ್ಚಾಗಿ ಲೇಖಕರು ಕೊನೆಯ ಗಳಿಗೆಯಲ್ಲಿ ಒಂದು ಗುಣಾಂಕ ಬದಲಿಸಿ, ಅದರಿಂದ ಹುಟ್ಟುವ ನಾಲ್ಕು ಅಂಕಿಗಳನ್ನು ಹಾಗೇ ಬಿಟ್ಟಾಗ. ಅಚ್ಚಿಗೆ ಹೋಗುವ ಹಿಂದಿನ ದಿನ, ಬರೆದವರಲ್ಲದ ಒಬ್ಬರು ಎಲ್ಲವನ್ನೂ ಗುಣಾಂಕದಿಂದಲೇ ಹೊಸದಾಗಿ ಲೆಕ್ಕ ಹಾಕಬೇಕು. ಅಚ್ಚಾದದ್ದನ್ನು ಎದುರಿಗಿಟ್ಟು ‘ಸರಿಯಾಗಿ ಕಾಣುತ್ತಿದೆ’ ಎನ್ನುವ ತಪಾಸಣೆಯಿಂದ ಏನೂ ಸಿಗುವುದಿಲ್ಲ.

ತಿದ್ದುಪಡಿಯನ್ನು ಮುಂದಿನ ಸಂಚಿಕೆಯ ನಿಗದಿತ ಜಾಗದಲ್ಲಿ, ಪ್ರತಿ ಸಲ ಅದೇ ಪುಟದಲ್ಲಿ ಹಾಕಿ: ‘ಸಂಚಿಕೆ 9, ಪುಟ 23: 37 ಎಂದಿರುವುದನ್ನು 32 ಎಂದು ಓದಿಕೊಳ್ಳಿ.’ ಪಿಡಿಎಫ್ ಕೊಡುತ್ತಿದ್ದರೆ ಅದನ್ನೂ ತಿದ್ದಿ, ಮೊದಲ ಪುಟದಲ್ಲಿ ತಿದ್ದಿದ ತಾರೀಕು ಕಾಣಿಸಿ. ಹೇಳದೆ ಕೇಳದೆ ಪಿಡಿಎಫ್ ಮಾತ್ರ ಬದಲಿಸಿದರೆ, ಒಂದೇ ಮೇಜಿನಲ್ಲಿ ಒಬ್ಬರ ಕೈಲಿ ಹಳೆಯ ಕ್ಲಾಸ್, ಇನ್ನೊಬ್ಬರ ಕೈಲಿ ಹೊಸದು ಇದ್ದು ಆಟದ ನಡುವೆ ವಾದ ಹತ್ತಿಕೊಳ್ಳುತ್ತದೆ.

ನಕ್ಷೆಯ ಗೋಳು ಬಿಡಿಸುವುದು ಎಲ್ಲಕ್ಕಿಂತ ಸುಲಭ. ಮಧ್ಯಕ್ಕೆ ಪಿನ್ ಹೊಡೆದ 64 ಪುಟದ ಪತ್ರಿಕೆಯಲ್ಲಿ ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ ಅಚ್ಚಾಗುವ ಎರಡು ಪುಟಗಳ ಸಂಖ್ಯೆ ಕೂಡಿದರೆ 65 ಬರುತ್ತದೆ. 40ನೇ ಪುಟದ ಜೋಡಿ 25, 41ನೆಯದರ ಜೋಡಿ 24. ನಿಮ್ಮ ನಕ್ಷೆಯ ಎಡ ಅರ್ಧ ಒಂದು ಹಾಳೆಯ ಮೇಲೆ, ಬಲ ಅರ್ಧ ಇನ್ನೊಂದರ ಮೇಲೆ ಅಚ್ಚಾಗಿದೆ. ಮಡಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಓಣಿಯ ಗೋಡೆ ಕೂಡುವುದಿಲ್ಲ. ಮಡಿಕೆಯೊಳಗೆ ಬಿದ್ದ ಕೋಣೆಯ ಸಂಖ್ಯೆಯಂತೂ ಪತ್ರಿಕೆಯನ್ನು ಹರಿದರೂ ಕಾಣದು. ಒಡೆಯದ ಜೋಡಿಪುಟ ಒಂದೇ, 32–33. ನಕ್ಷೆ ಅಲ್ಲಿಗೆ ಹೋಗಲಿ. ಪಿನ್ ಎತ್ತಿ ಹಾಳೆ ಬಿಡಿಸಿಕೊಳ್ಳಲೂ ಬರುತ್ತದೆ, ಆದರೆ ಹಾಗೆ ಬಿಡಿಸಿದಾಗ ಅದರ ಬೆನ್ನಿಗಿರುವ 31 ಮತ್ತು 34ನೇ ಪುಟಗಳೂ ಜೊತೆಗೇ ಬರುತ್ತವೆ ಎಂಬುದು ನೆನಪಿರಲಿ. ಅಲ್ಲಿ ಗೇಮ್ ಮಾಸ್ಟರ್ ಗುಟ್ಟುಗಳನ್ನು ಅಚ್ಚು ಹಾಕಿದರೆ ಆಟಗಾರರ ಮುಂದೆ ನಕ್ಷೆ ಹರಡುವಂತಿಲ್ಲ. ಒಳಗಿನ ಹಾಳೆಗಳು ಮಡಿಸಿದಾಗ ಹೊರಕ್ಕೆ ಚಾಚಿಕೊಂಡು ಕಟಾವಿನಲ್ಲಿ ಹೆಚ್ಚು ಕತ್ತರಿಸಿ ಹೋಗುವುದರಿಂದ ನಕ್ಷೆಯ ಹೊರ ಅಂಚಿಗೆ ಸಾಕಷ್ಟು ಜಾಗ ಬಿಡಿ. ಒಂದು ಚೌಕ ಐದು ಅಡಿಯೋ ಹತ್ತು ಅಡಿಯೋ ಎಂಬುದು ನಕ್ಷೆಯ ಮೇಲೆಯೇ ಇರಲಿ. ಗುಪ್ತ ಬಾಗಿಲುಗಳನ್ನು ನಕ್ಷೆಯಲ್ಲೂ ವಿವರಣೆಯಲ್ಲೂ ಎಣಿಸಿ, ಎರಡೂ ಸಂಖ್ಯೆ ಒಂದೇ ಆಗಿರಬೇಕು.

ಸಣ್ಣಕಥೆಯ ಬಗ್ಗೆ ಅಭಿಪ್ರಾಯ ಒಡೆದಿರುವುದು ಸೋಲಲ್ಲ. ಹತ್ತು ಜನ ತಲಾ 5 ಅಂಕ ಕೊಟ್ಟ ಲೇಖನಕ್ಕೂ, ಐವರು 9, ಐವರು 1 ಕೊಟ್ಟ ಕಥೆಗೂ ಸರಾಸರಿ 5ವೇ. ಮೊದಲನೆಯದು ಯಾರಿಗೂ ಬೇಕಾಗಿಲ್ಲ. ಎರಡನೆಯದಕ್ಕಾಗಿಯೇ ಐವರು ಮುಂದಿನ ಸಂಚಿಕೆ ಕೊಳ್ಳುತ್ತಾರೆ. ಆಡಲು ಗುಂಪು ಸಿಗದೆ, ಓದುವ ಖುಷಿಗೇ ಪತ್ರಿಕೆ ತರಿಸಿಕೊಳ್ಳುವವರು ಈ ಹವ್ಯಾಸದಲ್ಲಿ ಬಹಳ ಜನ ಇದ್ದಾರೆ, ಅವರ ಪತ್ರ ‘ಓ’ ಗುಂಪಿನದೆಂದು ಕಡೆಗಣಿಸುವುದು ಅನ್ಯಾಯ. ನಾಲ್ಕು ಪುಟದ ಕಥೆಯನ್ನು ಮೂರಕ್ಕೆ ಇಳಿಸಿ, ಉಳಿದ ಪುಟದಲ್ಲಿ ಅದೇ ಕಥೆಯ ಒಂದು ಪಾತ್ರದ ಅಂಕಿಅಂಶ, ಒಂದು ಸ್ಥಳದ ಚಿಕ್ಕ ನಕ್ಷೆ, ಆಟ ಶುರುಮಾಡಲು ಎರಡು ಎಳೆ ಕೊಡಿ. ‘ಪುಟ ದಂಡ’ ಎಂದವರಿಗೂ ಅಲ್ಲೊಂದು ಬಳಸುವ ವಸ್ತು ಸಿಗುತ್ತದೆ. ಅಂಕ ಕೊಡಿಸುವುದಾದರೆ ಕಥೆಯನ್ನು ಹಿಂದಿನ ಕಥೆಗಳ ಜೊತೆ, ಸಾಹಸವನ್ನು ಹಿಂದಿನ ಸಾಹಸಗಳ ಜೊತೆ ಹೋಲಿಸಿ. ಒಂದರ ಪಕ್ಕ ಒಂದಿಟ್ಟರೆ ಸಾಹಸವೇ ಮೇಲೆ ಬರುತ್ತದೆ, ಅದರಿಂದ ಹೊಸದೇನೂ ತಿಳಿಯುವುದಿಲ್ಲ.

ರುಚಿಯ ದೂರಿಗೆ ಆತುರ ಬೇಡ. ನೀವು ಈ ಪತ್ರಗಳನ್ನು ಓದುವ ಹೊತ್ತಿಗೆ ಹತ್ತನೇ ಸಂಚಿಕೆಯ ಪುಟವಿನ್ಯಾಸ ಬಹುಪಾಲು ಮುಗಿದಿರುತ್ತದೆ. ಇಂದು ಮಾಡಿದ ಬದಲಾವಣೆ ಓದುಗರ ಕೈಗೆ ಹೋಗುವುದು ಹನ್ನೊಂದರಲ್ಲಿ. ಅಷ್ಟರಲ್ಲಿ ಹತ್ತನೆಯದಕ್ಕೂ ಅದೇ ದೂರು ಬಂದು, ‘ಬದಲಿಸಿದರೂ ಸಾಲಲಿಲ್ಲ’ ಎಂದುಕೊಂಡು ಎರಡನೇ ಸಲ ಕತ್ತರಿ ಆಡಿಸುತ್ತೀರಿ. ಕಥೆ ಪೂರ್ತಿ ಮಾಯವಾಗುವುದು, ಸಾಹಸ ದಿಢೀರನೆ ಮಕ್ಕಳಾಟವಾಗುವುದು ಹೀಗೆಯೇ. ತಪ್ಪಿದ್ದರೆ ಒಂದೇ ಪತ್ರಕ್ಕೆ ತಿದ್ದಿ. ಪರಸ್ಪರ ಪರಿಚಯವಿಲ್ಲದ ಮೂವರು ಒಂದೇ ಕೋಣೆಯ ಹೆಸರು ಹೇಳಿದರೆ ಆ ಕೋಣೆಯನ್ನು ಮತ್ತೆ ಆಡಿ ನೋಡಿ. ಇಷ್ಟಾನಿಷ್ಟವಾದರೆ ಮೂರು ಸಂಚಿಕೆ ಕಾಯಿರಿ. ಇದಕ್ಕೆ ಹೊರತಾದದ್ದು ಒಂದೇ: ಸಾಹಸದ ಒಂದು ದೃಶ್ಯದಿಂದ ಆಟಗಾರರೊಬ್ಬರ ಮನಸ್ಸಿಗೆ ಘಾಸಿಯಾಯಿತು ಎಂಬ ಪತ್ರ. ಅದನ್ನು ಯಾವ ಎಣಿಕೆಗೂ ಸೇರಿಸದೆ ಅಂದೇ ಉತ್ತರಿಸಿ, ಮುಂದೆ ಅಂಥ ದೃಶ್ಯವಿರುವ ಸಾಹಸದ ಮೊದಲ ಪುಟದಲ್ಲೇ ಗೇಮ್ ಮಾಸ್ಟರ್‌ಗೆ ಸೂಚನೆ ಹಾಕಿ.

ಇನ್ನು ಪತ್ರಗಳ ಪುಟ. ಈ ಹವ್ಯಾಸದ ಪತ್ರಿಕೆಗಳಿಗೆ ಓದುಗರ ಪತ್ರ ಮೊದಲಿಂದಲೂ ಪ್ರಾಣ. 1975ರಲ್ಲಿ ಶುರುವಾದ ‘ಅಲಾರಮ್ಸ್ ಆ್ಯಂಡ್ ಎಕ್ಸ್‌ಕರ್ಶನ್ಸ್’ನಲ್ಲಿ ಬರೆಯುವವರು ಹಿಂದಿನ ಸಂಚಿಕೆಯಲ್ಲಿ ಬರೆದವರಿಗೆ ಕೊಡುತ್ತಿದ್ದ ಉತ್ತರಗಳೇ ಪತ್ರಿಕೆಯ ದೊಡ್ಡ ಭಾಗ. 1976ರಲ್ಲಿ ಬಂದ ‘ಡ್ರ್ಯಾಗನ್’ನಲ್ಲಿ ಅಭಿಪ್ರಾಯಗಳಿಗೆ ‘ಔಟ್ ಆನ್ ಎ ಲಿಂಬ್’ ಎಂಬ ಅಂಕಣವಿತ್ತು, ನಿಯಮಗಳ ಸಂದೇಹಕ್ಕೆ 1979ರಲ್ಲಿ ‘ಸೇಜ್ ಅಡ್ವೈಸ್’ ಬೇರೆಯಾಗಿಯೇ ಶುರುವಾಯಿತು. ಈ ಬೇರ್ಪಡಿಕೆಯನ್ನು ನೀವೂ ಮಾಡಿ. ನಿಯಮದ ಪ್ರಶ್ನೆಗೆ ಒಂದೇ ಖಚಿತ ಉತ್ತರ ಬೇಕು, ಅಭಿಪ್ರಾಯಕ್ಕೆ ಎದುರು ಅಭಿಪ್ರಾಯ ಬೇಕು. ಎರಡೂ ಒಂದೇ ಪುಟದಲ್ಲಿ ಕಲಸಿದರೆ ಸಂಪಾದಕರ ಸ್ವಂತ ಅಭಿಪ್ರಾಯವೇ ನಿಯಮವೆಂದು ಓದುಗರು ತಿಳಿಯುತ್ತಾರೆ. ‘ವೈಟ್ ಡ್ವಾರ್ಫ್’ ಪತ್ರಿಕೆ ‘ಫೀಂಡ್ ಫ್ಯಾಕ್ಟರಿ’ ಅಂಕಣದಲ್ಲಿ ಓದುಗರು ಕಳಿಸಿದ ಜೀವಿಗಳನ್ನೇ ಅಚ್ಚು ಹಾಕುತ್ತಿತ್ತು. ಅವುಗಳಲ್ಲಿ ಎಷ್ಟೋ 1981ರ ‘ಫೀಂಡ್ ಫೋಲಿಯೋ’ ಪುಸ್ತಕ ಸೇರಿದವು, ಈ ಆಟದ ಹೆಸರಾಂತ ಜೀವಿಗಳಾದ ಗಿತ್‌ಯಾಂಕಿಗಳು ಬಂದದ್ದೂ ಹಾಗೆಯೇ. ನಿಮ್ಮ ‘ಆ’ ಗುಂಪಿನಲ್ಲಿ ‘ಆ ಕೋಣೆಯ ರಾಕ್ಷಸರ ಬದಲು ನಾವು ಇದನ್ನು ಇಟ್ಟೆವು’ ಎಂದು ಬರೆದವರಿದ್ದರೆ ಅದು ದೂರಿನ ಪತ್ರವಲ್ಲ, ಮುಂದಿನ ಲೇಖಕರ ಮೊದಲ ಪತ್ರ. ಅವರಿಗೆ ಬರೆದು ಅರ್ಧ ಪುಟ ಕೇಳಿ.

64ರಲ್ಲಿ ಎರಡು ಪುಟ ಪತ್ರಗಳಿಗೆ ಸಾಕು. ಆರೇಳು ಪತ್ರ ಹಾಕಿ, ಅದರಲ್ಲಿ ಎರಡಾದರೂ ಆಡಿದವರದ್ದಾಗಿರಲಿ, ಒಂದಾದರೂ ಗಟ್ಟಿ ಟೀಕೆಯಾಗಿರಲಿ. ನಿಮ್ಮ ಉತ್ತರ ಪತ್ರಕ್ಕಿಂತ ಉದ್ದವಾಗಬಾರದು. ‘ನೀವು ಸರಿಯಾಗಿ ಓದಿಲ್ಲ’ ಎಂಬ ಅರ್ಥ ಬರುವ ಒಂದು ಸಾಲು ಅಚ್ಚಾದರೂ ಮುಂದಿನ ಸಂಚಿಕೆಗೆ ಬರೀ ಹೊಗಳಿಕೆ ಬರುತ್ತದೆ, ಕೆಲಸಕ್ಕೆ ಬರುವ ಪತ್ರ ನಿಲ್ಲುತ್ತವೆ. ಟೀಕೆಯನ್ನು ಅಚ್ಚು ಹಾಕುವ ಮೊದಲು ಆ ಸಾಹಸ ಬರೆದವರಿಗೆ ತೋರಿಸಿ. ಆದರೆ 40 ಪತ್ರಗಳನ್ನೂ ಅವರ ಮೇಲೆ ಸುರಿಯಬೇಡಿ. ಕೋಣೆ ಕೋಣೆಯಾಗಿ, ಎಲ್ಲಿ ಎಷ್ಟು ಗುಂಪು ನಿಂತಿತು, ಎಷ್ಟು ಜನರಿದ್ದರು ಎಂದು ಒಂದು ಪುಟಕ್ಕೆ ಇಳಿಸಿ ಕೊಡಿ, ಚೆನ್ನಾಗಿ ಆಡಿದ ಕೋಣೆಗಳನ್ನೂ ಅದರಲ್ಲಿ ಸೇರಿಸಿ. ಅವು ಯಾವುವೆಂದು ತಿಳಿಯದೆ ತಿದ್ದಲು ಕೂತ ಲೇಖಕರು ಮೊದಲು ಕೆಡಿಸುವುದು ಅವನ್ನೇ.

ಹತ್ತನೇ ಸಂಚಿಕೆಯ ಸಾಹಸಕ್ಕೆ ಇನ್ನೂ ಸಮಯವಿದ್ದರೆ, ಲೇಖಕರ ಜೊತೆ ಒಂದು ಮಾತೂ ಆಡಿರದ ಇಬ್ಬರು ಗೇಮ್ ಮಾಸ್ಟರ್‌ಗಳಿಗೆ ಕೊಟ್ಟು, ಒಬ್ಬರು ನಾಲ್ವರಿಗೆ, ಇನ್ನೊಬ್ಬರು ಆರು ಜನರಿಗೆ ಆಡಿಸಲಿ. ಲೇಖಕರು ಆ ಕೋಣೆಯಲ್ಲೇ ಇರಬಾರದು. ಇದ್ದರೆ, ಬರಹದಲ್ಲಿ ಇಲ್ಲದ್ದನ್ನು ಬಾಯಲ್ಲಿ ತುಂಬಿಕೊಟ್ಟುಬಿಡುತ್ತಾರೆ. ಪಕ್ಕದಲ್ಲಿ ಒಬ್ಬರು ಕೂತು ಎರಡೇ ವಿಷಯ ಗುರುತು ಹಾಕಿಕೊಳ್ಳಲಿ: ಪ್ರತಿ ಕೋಣೆಗೆ ಎಷ್ಟು ನಿಮಿಷ ಹಿಡಿಯಿತು, ಗೇಮ್ ಮಾಸ್ಟರ್ ಎಷ್ಟು ಸಲ ಪುಟ ತಿರುವಿದರು. ಎಲ್ಲಿ ಪುಟ ತಿರುವುವುದು ಮೂರು ದಾಟಿತೋ ಅಲ್ಲಿಗೆ ಬೇಕಾದ ಅಂಕಿಅಂಶವನ್ನು ಆ ಕೋಣೆಯ ಪಕ್ಕಕ್ಕೇ ತಂದು ಕೂರಿಸಿ.